ಮರಗೆಣಸಿನ ಸಿಪ್ಪೆ

ಆ ಬೆಳಿಗ್ಗೆ ಹಿತ್ತಲ ಜಗಲಿಯಲ್ಲಿ ಮರಗೆಣಸು ಸುಲಿಯುತ್ತ ಕೂತವರು ಮೂವರು: ನಾನು, ನನ್ನ ಅತ್ತೆ, ಪಕ್ಕದ ಮನೆಯ ದೊಡ್ಡಮ್ಮ. ದೊಡ್ಡಮ್ಮ ಅಂದರೆ ಸಂಬಂಧವೇನಲ್ಲ. ನಮ್ಮ ಹಳೆಯ ಊರಾದ ಚೆಂಡಿಯಾದಲ್ಲಿ ನಮ್ಮದೂ ಅವಳದೂ ಒಂದೇ ಬೇಲಿ, ಆಗಿನಿಂದ ಕರೆದು ರೂಢಿ. ಜಾಗ ನೌಕಾನೆಲೆಗೆ ಹೋದಾಗ ಉಳಿದವರೆಲ್ಲ ದನ ಮಾರಿ ಬಂದರು. ಅವಳು ಮಾತ್ರ ತನ್ನ ಮುದಿ ಹಸುವನ್ನು ಹೊಸ ಕಾಲನಿಗೆ ನಡೆಸಿಕೊಂಡೇ ಬಂದಳು. ಗಂಡ, ಮಕ್ಕಳು ಇಲ್ಲದ ಅವಳಿಗೆ ಮನೆಯಲ್ಲಿ ಮಾತಾಡಲು ಇದ್ದದ್ದು ಅದೊಂದೇ. ಇಲ್ಲಿ ದನ ಮೇಯುವ ಬೇಣವಿಲ್ಲ. ಹಾಗಾಗಿ ಓಣಿಯವರೆಲ್ಲ ಗಂಜಿತಿಳಿ, ತರಕಾರಿ ಸಿಪ್ಪೆ ತಂದು ಅದರ ಬಾನಿಗೆ ಸುರಿಯುತ್ತಿದ್ದೆವು.

"ಇದು ಹೊಸ ಜಾತಿ ಗೆಣಸು ಮಾರಾಯ್ತಿ, ಕಹಿ ಹೊಡೀತದೆ," ಅಂದರು ಅತ್ತೆ, ನನ್ನ ಕಡೆ ತಿರುಗಿ. "ಸಿಪ್ಪೆ ಎರಡು ದಿನ ಬಿಸಿಲಿಗೆ ಹರಡು. ಹಸೀದು ದನಕ್ಕೆ ಹಾಕೂದಲ್ಲ."

"ಒಣಗಿಸಿ ಕೊಟ್ರೆ ಅಗಿಯೂದು ಯಾರು? ನಂದೂ ಅದರದ್ದೂ ಸೇರಿ ಎಂಟು ಹಲ್ಲು ಅದೆ!" ದೊಡ್ಡಮ್ಮ ನಕ್ಕಳು.

ಇಬ್ಬರೂ ಎದ್ದು ಹೋದ ಮೇಲೆ ಆಕಾಶ ನೋಡಿದೆ. ಬರೀ ಮೋಡ. ಪಕ್ಕದ ಕೊಟ್ಟಿಗೆಯಲ್ಲಿ ಹಸು ಹಸಿದು ಕೂಗುತ್ತಿತ್ತು. ಅತ್ತೆಯವರದು ಹಳೇ ಕಾಲದ ಹೆದರಿಕೆ ಅಂದುಕೊಂಡೆ. ಹಲ್ಲಿಲ್ಲದ ಬಾಯಿಗೆ ಸುಲಭವಾಗಲೆಂದು ಈಳಿಗೆಮಣೆಯ ಮೇಲೆ ಕೂತು ಬುಟ್ಟಿಯ ಸಿಪ್ಪೆಯನ್ನೆಲ್ಲ ಸಣ್ಣಗೆ ಹೆಚ್ಚಿದೆ. ಬೆಚ್ಚಗಿನ ಗಂಜಿತಿಳಿಯಲ್ಲಿ ಕಲಸಿ ಬಾನಿಗೆ ಸುರಿದೆ. ಹಸು ತಲೆಯೆತ್ತದೆ ತಿಂದಿತು.

ಅರ್ಧ ತಾಸಾಗಿರಬಹುದು, ದೊಡ್ಡಮ್ಮ ಕಿರುಚಿದ್ದು ಕೇಳಿಸಿತು. ಓಡಿ ಹೋದರೆ ಹಸು ಬಿದ್ದು ಏದುಸಿರು ಬಿಡುತ್ತಿತ್ತು. ಕಾಲು ನಡುಗುತ್ತಿದ್ದವು. ಅಂಕೋಲೆಯಿಂದ ದನದ ಡಾಕ್ಟರು ಬೈಕಿನಲ್ಲಿ ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರು ಬಾನಿಯ ತಳಕ್ಕೆ ಕೈಹಾಕಿ, ಅಂಟಿದ ಚೂರನ್ನು ಮೂಸಿ ನೋಡಿದರು.

"ಮರಗೆಣಸಿನಲ್ಲಿ ವಿಷ ತಯಾರಾಗಿ ಇರೂದಿಲ್ಲ ತಾಯೀ. ವಿಷ ಆಗೂ ವಸ್ತು ಒಂದು ಕಡೆ, ಅದನ್ನು ಒಡೆಯೂ ಕಿಣ್ವ ಇನ್ನೊಂದು ಕಡೆ. ಹೆಚ್ಚಿದ್ರೆ, ಜಜ್ಜಿದ್ರೆ ಎರಡೂ ಕೂಡ್ತವೆ, ಸೈನೈಡ್ ಹುಟ್ತದೆ. ಬೆಚ್ಚಗಿನ ನೀರಲ್ಲಿ ಇನ್ನೂ ಬೇಗ. ಒಣಗೂಕೆ ಬಿಟ್ಟಿದ್ರೆ ಸುಮಾರು ಗಾಳೀಲಿ ಹಾರಿ ಹೋಗ್ತಿತ್ತು. ಯಾರು ಹಾಕಿದ್ದು?"

"ಯಾರಂತ ಹೇಳೂದು? ಓಣಿಯವ್ರೆಲ್ಲ ಹಾಕ್ತಿದ್ರು," ಅಂದಳು ದೊಡ್ಡಮ್ಮ, ಹಸುವಿನ ಕತ್ತು ಸವರುತ್ತ.

ನಾನು ಬಾಗಿ ಬಾನಿಯ ತಳ ತೊಳೆಯತೊಡಗಿದೆ. ಅತ್ತೆ ನನ್ನ ಮುಖ ನೋಡಿದರು.

ಮೂರು ದಿನ ಆ ಕಡೆ ಕಾಲಿಡಲಿಲ್ಲ. ನಾಲ್ಕನೆಯ ದಿನ ಹೋದೆ. ದೊಡ್ಡಮ್ಮ ಖಾಲಿ ಕೊಟ್ಟಿಗೆ ಗುಡಿಸುತ್ತಿದ್ದಳು.

"ದೊಡ್ಡಮ್ಮಾ, ಸಿಪ್ಪೆ ಹಾಕಿದ್ದು ನಾನು."

"ಗೊತ್ತದೆ." ಅವಳು ತಿರುಗಲಿಲ್ಲ. "ಅಷ್ಟು ಸಣ್ಣ ಹೆಚ್ಚೂರು ಈ ಓಣೀಲಿ ಮತ್ಯಾರು ಇದ್ರು?" ಕಸವನ್ನು ಮೂಲೆಗೆ ತಳ್ಳಿ ಕೇಳಿದಳು: "ಹೊಟ್ಟೆತುಂಬ ತಿಂತೇನೇ ಅದು?"

"ತಿಂದಿತ್ತು," ಅಂದೆ.

ದೀಪಾವಳಿಗೆ ಮುಂಚೆ ಅವಳು ಕೊಟ್ಟಿಗೆ ಬಿಚ್ಚಿಸಿದಳು. ಆಮೇಲೆ ಮನೆಗೆ ಬೀಗ ಹಾಕಿ, ಅಂಕೋಲೆಯ ತಂಗಿಯ ಮನೆಗೆ ಹೋಗಿ ಅಲ್ಲೇ ಉಳಿದಳು.