ಹೆಸರೊಂದನ್ನು ಬಿಟ್ಟು

ಸಾಂಗ್ಲಿಯ ಸುತ್ತ ಖಾಸಗಿ ಕಾಲೇಜುಗಳು ಒಂದರ ಹಿಂದೊಂದು ಏಳುತ್ತಿದ್ದ ವರ್ಷಗಳು ಅವು. ಮನಸ್ಸಿನ ಕಾಯಿಲೆಯಿಂದ ಓದು ಬಿಡುವ ಸ್ಥಿತಿಗೆ ಬಂದ ಹುಡುಗಿಯರಿಗೆ ಹಿರಿಯ ವಿದ್ಯಾರ್ಥಿನಿಯೊಬ್ಬಳನ್ನು ಜೊತೆ ಮಾಡುವ ಪದ್ಧತಿಯನ್ನು ನಮ್ಮ ಕಾಲೇಜಿನ ಮೇಡಂ ಒಬ್ಬರು ಶುರುಮಾಡಿದ್ದರು. ನನ್ನನ್ನು ಆರಿಸಿದ್ದು ಜಾಣೆಯೆಂದಲ್ಲ, ಕನ್ನಡ ಬರುತ್ತದೆಂದು. ಮೊದಲ ವರ್ಷದಲ್ಲಿ, ಮಿರಜಿನ ಹತ್ತಿರ ಗಡಿಯಲ್ಲಿರುವ ಆರಗ ಎಂಬ ಹಳ್ಳಿಯ ಹುಡುಗಿಯೊಬ್ಬಳಿದ್ದಳು. ಪಾಠ ಒಪ್ಪಿಸುವುದು ಮರಾಠಿಯಲ್ಲಿ, ಅಳುವುದು ಮಾತ್ರ ಕನ್ನಡದಲ್ಲಿ.

ಪ್ರತಿ ಗುರುವಾರ ಅವಳನ್ನು ಮಿರಜಿಗೆ ಡಾಕ್ಟರ ಬಳಿ ಕರೆದೊಯ್ಯುತ್ತಿದ್ದೆ. ಎರಡು ತಿಂಗಳ ಗುಳಿಗೆಗೆ ನಿದ್ದೆ ಬಂತು, ಊಟ ಸೇರಿತು, ಕ್ಲಾಸಿಗೂ ಹೋಗತೊಡಗಿದಳು.

“ಮನ್ಯಾಗ ಗೊತ್ತಾಗಬಾರದ್ರಿ ಅಕ್ಕಾ. ಗೊತ್ತಾತಂದ್ರ ಕಾಲೇಜ್ ಬಿಡಸ್ತಾರ.”

“ನನ್ನ ಬಾಯಿಂದ ಬರೂದಿಲ್ಲ, ನಿನ್ನಾಣಿ,” ಎಂದಿದ್ದೆ.

ಒಂದು ಶನಿವಾರ ಮಿರಜ್ ಸ್ಟ್ಯಾಂಡಿನಲ್ಲಿ ಮ್ಹೈಸಾಳದ ಬಸ್ಸಿಗೆ ಕಾಯುತ್ತಿದ್ದೆ, ಊರಿಗೆ ಹೋಗಲು. ಪಕ್ಕದಲ್ಲಿ ಆರಗದ ಬಸ್ಸಿಗೆ ಕಾಯುತ್ತಿದ್ದ, ಚಿಕ್ಕಮ್ಮನ ವಯಸ್ಸಿನ ಮಾವಶಿಯೊಬ್ಬರು ಕೂತಿದ್ದರು. ನಮ್ಮ ಕಡೆ ಕನ್ನಡ ಮಾತು ಕಿವಿಗೆ ಬಿದ್ದರೆ ಸಾಕು, “ಯಾರ ಪೈಕಿ?” ಎಂದು ಕೇಳುತ್ತಾರೆ, ಮನೆತನ, ಹೊಲ, ಬೀಗರು ಎಲ್ಲವನ್ನೂ ಬಿಚ್ಚಿಡುವುದೇ ಮರ್ಯಾದೆ. ನಾನೂ ಬಿಚ್ಚಿಟ್ಟೆ.

“ಹಾಸ್ಟೆಲ್ ಹುಡಿಗ್ಯಾರು ಬರೇ ಸಿನಿಮಾ ನೋಡ್ತಾರಂತಲ್ಲ?” ಎಂದರು ಮಾವಶಿ.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. “ಇಲ್ರಿ ಮಾವಶಿ. ನಿಮ್ಮೂರ ಹುಡುಗಿ ಒಬ್ಬಾಕಿನ್ನ ನಾನಽ ವಾರಾ ವಾರಾ ಡಾಕ್ಟರ್ ಕಡೆ ಕರಕೊಂಡ ಹೋಗ್ತೀನಿ. ಮನಸಿನ ಬ್ಯಾನಿ ಆಕೀಗಿ. ನಾ ಇರಲಿಲ್ಲಂದ್ರ ಇಷ್ಟೊತ್ತಿಗೆ ಕಾಲೇಜ್ ಬಿಟ್ಟಿರ್ತಿದ್ಲು.”

“ಪುಣ್ಯಾ ಬರತೈತವ್ವಾ ನಿನಗ,” ಎಂದು ಅವರು ನನ್ನ ಗದ್ದ ಮುಟ್ಟಿದರು. ನಾನು ಉಬ್ಬಿಹೋದೆ.

ಹೆಸರು ಹೇಳಲಿಲ್ಲವಲ್ಲ ಎಂದು ಬಸ್ಸಿನಲ್ಲಿ ನನಗೆ ನಾನೇ ಶಹಭಾಷ್ ಅಂದುಕೊಂಡೆ. ನಮ್ಮ ಕಡೆ ಹೆಸರಿನಿಂದ ಯಾರು ಯಾರನ್ನು ಗುರುತಿಸುತ್ತಾರೆ? ಆರಗದಿಂದ ಆ ವರ್ಷ ನಮ್ಮ ಹಾಸ್ಟೆಲ್ಲಿಗೆ ಬಂದವಳು ಅವಳೊಬ್ಬಳೇ. ಅದು ನನಗೂ ಗೊತ್ತಿತ್ತು. ಹೊಗಳಿಸಿಕೊಳ್ಳುವ ಚಪಲಕ್ಕೆ ಬಾಯಿ ನಿಲ್ಲಲಿಲ್ಲ, ಅಷ್ಟೇ.

ಮಂಗಳವಾರ ಅವಳ ಅಪ್ಪ, ಕಾಕಾ ಬಂದರು. ಮೇಡಂ ಎಷ್ಟೋ ಬೇಡಿಕೊಂಡರು, ಇನ್ನು ನಾಲ್ಕು ತಿಂಗಳು ಬಿಡಿ ಎಂದರು.

“ಊರ ತುಂಬ ಆಗೇತ್ರಿ. ನಾಳೆ ಆಕಿನ್ನ ಯಾರ ಮಾಡ್ಕೋತಾರ?” ಎಂದರು ಅಪ್ಪ. ಕಾಕಾ ಆಗಲೇ ಟ್ರಂಕು ಎತ್ತಿದ್ದರು.

ಅವಳು ನನ್ನನ್ನು ವರಾಂಡದ ಮೂಲೆಗೆ ಕರೆದಳು. “ಯಾರು ಹೇಳಿರಬೇಕ್ರಿ ಅಕ್ಕಾ?”

“ಗೊತ್ತಿಲ್ಲವ್ವಾ,” ಎಂದೆ.

ಇಷ್ಟು ವರ್ಷವಾದ ಮೇಲೂ ಆ ಒಂದು ಮಾತಿಗೆ ನನಗೆ ನನ್ನ ಮೇಲೇ ಹೇಸಿಗೆ. ಸ್ಟ್ಯಾಂಡಿನಲ್ಲಿ ಬಾಯಿ ಬಿಟ್ಟದ್ದು ದಡ್ಡತನವೆನ್ನಬಹುದು; ವರಾಂಡದಲ್ಲಿ ಮುಚ್ಚಿಕೊಂಡದ್ದಕ್ಕೆ ಏನೆನ್ನಲಿ? ಕಣ್ಣಲ್ಲಿ ನೀರು ಬಂತು, ಅದೂ ಸಿಕ್ಕಿಬೀಳುವ ಭಯಕ್ಕೆ. ಅವಳು ಅದನ್ನು ಅಕ್ಕರೆಯೆಂದು ತಿಳಿದು ತನ್ನ ದುಪಟ್ಟಾದಿಂದ ನನ್ನ ಮುಖ ಒರೆಸಿದಳು.

“ಅಳಬ್ಯಾಡ್ರಿ ಅಕ್ಕಾ. ನೀವೊಬ್ರರ ನನ್ನ ಕಡೆ ಇದ್ರಿ.”

ಹೌದೆಂದು ತಲೆಯಾಡಿಸಿದೆ.