ದಿಂಬಿನೊಳಗೆ ಇಟ್ಟ ಗಸಗಸೆ

ನಮ್ಮ ಪುಟ್ಟಿ ಮನೆಗೆ ಬಂದಳು. ನಿನ್ನೆ ಮಧ್ಯಾಹ್ನ, ದುಬೈಯ ಕರಾಮದಲ್ಲಿರುವ ನನ್ನ ಮಗಳ ಮನೆಗೆ. ಅಪ್ಪನ ಎರಡು ಅಂಗೈಯೊಳಗೆ ಹಿಡಿಸುವಷ್ಟು ಸಣ್ಣವಳು. ಮೂಗಿನಲ್ಲಿ ನಳಿಗೆ ಇಲ್ಲದೆ, ಆ ಗಾಜಿನ ಪೆಟ್ಟಿಗೆ ಇಲ್ಲದೆ, ತಾನಾಗಿಯೇ ಉಸಿರಾಡುತ್ತ ಬಂದಳು. ದಿನ ತುಂಬುವ ಮೊದಲೇ ಹುಟ್ಟಿದ ಕೂಸು. ಆಸ್ಪತ್ರೆಯವರು ಮುಟ್ಟಲೂ ಬಿಟ್ಟಿರಲಿಲ್ಲ ನನಗೆ. ನಿನ್ನೆ ಮುಟ್ಟಿದೆ. ಎದುರು ಮನೆಯ ಮಲಯಾಳಿ ಹೆಂಗಸಿಗೆ, ಕೆಳಗಿನ ಬಂಗಾಲಿ ವಾಚ್‌ಮನ್‌ಗೆ, ಲಿಫ್ಟಿನಲ್ಲಿ ಸಿಕ್ಕ ಯಾರೋ ಗುರುತಿಲ್ಲದ ಹುಡುಗಿಗೆ — ಎಲ್ಲರಿಗೂ ಹೇಳಿದೆ. ಭಾಷೆ ಬಾರದವರಿಗೆ ಕೈಯಲ್ಲೇ ಅಳತೆ ತೋರಿಸಿ ಹೇಳಿದೆ.

ಅದನ್ನು ಹೇಳಿದ ಬಾಯಲ್ಲೇ ಇನ್ನೊಂದನ್ನೂ ಹೇಳಬೇಕು. ಡ್ರೈವರ್ ದಿನೇಶನ ಗಾಡಿಯಲ್ಲಿ, ದಿಂಬಿನೊಳಗೆ, ಸೈನಿಕರಿಗೆ ಸಿಕ್ಕಿದ ಗಸಗಸೆ ನನ್ನದು. ಅವನ ಹೆಂಡತಿ ಸುಜಾತ ಇಟ್ಟದ್ದಲ್ಲ. ನಾನು ಇಟ್ಟದ್ದು — ಗೊತ್ತಿದ್ದೂ ಇಟ್ಟದ್ದು, ಗೊತ್ತಿದ್ದೂ ಬಾಯಿ ಮುಚ್ಚಿ ಕೂತದ್ದು.

ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಬರೆಯುವಾಗ ಹಿಂದುಮುಂದಾಗುತ್ತದೆ. ಆದರೂ ಬರೆಯುತ್ತೇನೆ.

ನನ್ನ ಮಗಳು ಶಾಲಿನಿ ಮೊದಲ ಸಲ ಬಸುರಿಯಾದಾಗಿನ ಮಾತು ಇದು. ಅವಳ ಹೊಟ್ಟೆಯಲ್ಲಿ ಆಗ ಇದ್ದವಳು ಆದ್ಯಾ — ಅವಳಿಗೆ ಈಗ ಎಂಟು ವರ್ಷ. ಅಳಿಯ ರಮೇಶರಿಗೆ ಆಗ ಮದೀನತ್ ಜಾಯೆದಿನಲ್ಲಿ ಕೆಲಸ. ದುಬೈಯಿಂದ ಅಬುಧಾಬಿ ದಾಟಿ, ಮತ್ತೆ ಮರಳುಗಾಡಿನ ಒಳಗೆ ಹೋದರೆ ಸಿಗುವ ಊರು. ಏಳು ತಿಂಗಳು ತುಂಬಿದಾಗ ನಮ್ಮ ಕಡೆ ಹೆಣ್ಣಿಗೆ ಬಯಕೆ ಬಡಿಸುತ್ತೇವೆ. ಅವಳು ಏನು ತಿನ್ನಬೇಕು ಅನ್ನುತ್ತಾಳೋ ಅದನ್ನು ತಾಯಿಯಾದವಳು ಮಾಡಿ ಹಾಕಬೇಕು. ಊರಿಗೆ ಬರಲು ಶಾಲಿನಿಗೆ ಡಾಕ್ಟರು ಬಿಡಲಿಲ್ಲ. ನಾನೇ ಹೊರಟೆ. ಏನು ತರಲಿ ಅಂತ ಫೋನಿನಲ್ಲಿ ಕೇಳಿದ್ದಕ್ಕೆ ಒಂದೇ ಮಾತು ಹೇಳಿದಳು — ಗಸಗಸೆ ಪಾಯಸ.

ಆ ದೇಶಕ್ಕೆ ಗಸಗಸೆ ತರಬಾರದು ಅಂತ ಅವಳಿಗೂ ನೆನಪಾಗಲಿಲ್ಲ, ನನಗಂತೂ ಗೊತ್ತೇ ಇರಲಿಲ್ಲ. ಪಾಯಸಕ್ಕೆ ಹಾಕುವ ಕಾಳು ಅದು! ಉಡುಪಿಯ ಅಂಗಡಿಯಲ್ಲಿ ತಂದು, ಕಲ್ಲು ಆರಿಸಿ, ತೊಳೆದು, ಒಣಗಿಸಿ, ನನ್ನ ಹಳೆ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ, ಕೈಚೀಲದೊಳಗೆ ಬಾಚಣಿಗೆ, ಮಾತ್ರೆಗಳ ಜೊತೆ ಇಟ್ಟುಕೊಂಡೆ. ವಿಮಾನ ನಿಲ್ದಾಣದಲ್ಲಿ ದೊಡ್ಡ ಪೆಟ್ಟಿಗೆ ನೋಡಿದರು, ಹಪ್ಪಳ ಸಂಡಿಗೆ ನೋಡಿದರು. ಮುದುಕಿಯ ಕೈಚೀಲವನ್ನು ಯಾರೂ ಕೇಳಲಿಲ್ಲ.

ಮಾರನೆಯ ದಿನ ನನ್ನನ್ನು ಮದೀನತ್ ಜಾಯೆದಿಗೆ ಬಿಡಲು ಬಂದವನು ದಿನೇಶ. ನಮ್ಮ ಪಕ್ಕದ ಊರಿನವನೇ. ಒಂದು ಕಂಪನಿಯ ಡ್ರೈವರ್, ವಾರಕ್ಕೊಮ್ಮೆ ಆ ಕಡೆ ಸಾಮಾನು ಒಯ್ಯುತ್ತಿದ್ದ. ಮುಂದಿನ ಸೀಟಿನಲ್ಲಿ ಮೈಸೂರಿನವರೊಬ್ಬರು, ಅದೇ ಊರಿನ ಆಫೀಸಿಗೆ ಹೋಗುವವರು. ನಾನು ಹಿಂದೆ. ಸೊಂಟ ನೋವು ಅಂದದ್ದಕ್ಕೆ ದಿನೇಶ ತನ್ನ ಬೆನ್ನಿನ ಹಿಂದಿದ್ದ ದಿಂಬು ತೆಗೆದು ನನಗೆ ಕೊಟ್ಟ. ಸುಜಾತ ಹೊಲಿದು ಕಳಿಸಿದ್ದು, ಮೊನ್ನೆಯಷ್ಟೇ ಕೈಗೆ ಬಂತು ಅಂತ ಹೇಳಿಕೊಂಡ. ಹಳೆ ಸೀರೆಯದ್ದೇ ಚೀಲ, ಬದಿಯಲ್ಲಿ ಎರಡು ಗುಂಡಿ. ಸುಜಾತಳಿಗೂ ಕೂಸಿಗೂ ವೀಸಾ ಆಗಿದೆ, ಮುಂದಿನ ತಿಂಗಳು ಬರುತ್ತಾರೆ, ಶಾರ್ಜಾದಲ್ಲಿ ರೂಮು ನೋಡಿಟ್ಟಿದ್ದೇನೆ, ಕಿಟಕಿಗೆ ಪರದೆ ಮಾತ್ರ ಬಾಕಿ — ದಾರಿಯುದ್ದಕ್ಕೂ ಅದೇ ಮಾತು ಅವನದ್ದು. ಅವನ ಕುತ್ತಿಗೆಯ ಹಿಂಭಾಗ ಮಾತ್ರ ನನಗೆ ಕಾಣುತ್ತಿತ್ತು. ಆ ಕುತ್ತಿಗೆಯೂ ನಗುತ್ತಿದೆ ಅನ್ನಿಸುತ್ತಿತ್ತು.

ಅಬುಧಾಬಿ ದಾಟಿದ ಮೇಲೆ ಎರಡೂ ಕಡೆ ಮರಳು. ಮುಂದೆ ಸೈನ್ಯದವರ ಚೆಕ್‌ಪೋಸ್ಟ್ ಉಂಟು, ಪಾಸ್‌ಪೋರ್ಟ್ ಕೈಯಲ್ಲಿ ಇಟ್ಟುಕೊಳ್ಳಿ ಅಂತ ದಿನೇಶ ಹೇಳಿದ. ಆಗ ಮೈಸೂರಿನವರು ಹಿಂದೆ ತಿರುಗಿ ತಮಾಷೆಗೆ ಕೇಳಿದರು.

"ಏನಮ್ಮಾ, ಊರಿಂದ ಗಸಗಸೆ ಗಿಸಗಸೆ ಕಟ್ಕೊಂಡ್ ಬಂದಿಲ್ಲ ತಾನೇ? ಇಲ್ಲಿ ಅದು ಅಫೀಮಿನ ಲೆಕ್ಕ. ಸೀದಾ ಜೈಲೂಟ."

"ಹೆದರಿಸ್ಬೇಡಿ ಮಾರಾಯ್ರೆ ಅವರನ್ನ," ಅಂದ ದಿನೇಶ. "ಅಮ್ಮನ ಹತ್ರ ಹಪ್ಪಳ ಬಿಟ್ರೆ ಎಂತ ಉಂಟು?"

ಇಬ್ಬರೂ ನಕ್ಕರು. ನಾನೂ ನಕ್ಕೆ — ನಕ್ಕೆನಲ್ಲ, ಅದನ್ನು ನೆನೆದರೆ ಈಗಲೂ...

ಕೈಚೀಲ ತೊಡೆಯ ಮೇಲಿತ್ತು. ದೂರದಲ್ಲಿ ಸಿಮೆಂಟಿನ ದೊಡ್ಡ ದೊಡ್ಡ ದಿಮ್ಮಿಗಳು ಕಂಡವು, ಗಾಡಿಗಳೆಲ್ಲ ಅವುಗಳ ಮಧ್ಯೆ ಹಾವಿನ ಹಾಗೆ ಬಳುಕಿ ನಿಧಾನ ಹೋಗುತ್ತಿದ್ದವು. ಮರಳಿನ ಬಣ್ಣದ ಬಟ್ಟೆಯವರು, ಹೆಗಲಲ್ಲಿ ಬಂದೂಕು. ಆಗಲೇ ಹೇಳಬಹುದಿತ್ತು — ದಿನೇಶ, ಗಾಡಿ ನಿಲ್ಲಿಸು ಮಗಾ, ನನ್ನ ಹತ್ರ ಉಂಟು ಅಂತ. ಅವನು ಬದಿಗೆ ನಿಲ್ಲಿಸುತ್ತಿದ್ದ, ಮರಳಿಗೆ ಚೆಲ್ಲಿ ಬರುತ್ತಿದ್ದೆವು, ಅಷ್ಟೇ ಆಗುತ್ತಿತ್ತು. ನನ್ನ ಬಾಯಿ ಏಳಲಿಲ್ಲ. ಕೈ ಎದ್ದಿತು. ಸೆರಗಿನ ಮರೆಯಲ್ಲಿ ಗಂಟು ತೆಗೆದು, ದಿಂಬಿನ ಗುಂಡಿ ಬಿಚ್ಚಿ, ಹತ್ತಿಯ ನಡುವೆ ತುರುಕಿ, ಮತ್ತೆ ಗುಂಡಿ ಹಾಕಿದೆ. ಸೀರೆಯ ತುಂಡು ಸೀರೆಯ ಚೀಲದೊಳಗೆ ಸೇರಿಹೋಯಿತು. ನನ್ನ ಕೈಚೀಲದಲ್ಲಿ ಸಿಗಬಾರದು — ಅಷ್ಟೇ ಇತ್ತು ತಲೆಯಲ್ಲಿ. ಮತ್ತೆ ಯಾರದ್ದರಲ್ಲಿ ಸಿಗಬಹುದು ಅಂತ... ಯೋಚಿಸಲಿಲ್ಲ ಅಂದರೆ ಸುಳ್ಳಾಗುತ್ತದೆ. ಯೋಚಿಸಿದ್ದೆ.

ಸೈನಿಕ ಸಣ್ಣ ಪ್ರಾಯದವನು. ಕಪ್ಪು ಕನ್ನಡಕ. ನನ್ನ ಪಾಸ್‌ಪೋರ್ಟ್ ನೋಡಿದ, ನನ್ನನ್ನು ನೋಡಿದ. ಡಿಕ್ಕಿ ತೆಗೆಸಿದ. ಕುಚ್ಚಲಕ್ಕಿಯ ಚೀಲಕ್ಕೆ ಕೈ ಹಾಕಿ ತಿರುವಿದ. ನನ್ನ ಬೆನ್ನು ದಿಂಬಿಗೆ ಒತ್ತಿಕೊಂಡೇ ಇತ್ತು. ಆ ಗಂಟು ಬೆನ್ನಿಗೆ ಕಲ್ಲಿನ ಹಾಗೆ ತಾಗುತ್ತಿತ್ತು. ಅವನು ತಲೆಬಗ್ಗಿಸಿ ನನಗೆ ಸಲಾಂ ಹೇಳಿ, ದಿನೇಶನಿಗೆ ಯಲ್ಲಾ, ಅಂದರೆ ಹೊರಡು, ಅಂತ ಕೈಬೀಸಿದ. ದಾಟಿದೆವು.

ದಾಟಿದ ಮೇಲೆ ತೆಗೆಯಬಹುದಿತ್ತು. ಇನ್ನೊಂದು ಚೆಕ್‌ಪೋಸ್ಟ್ ಬಂದರೆ ಅಂತ ಹೆದರಿ ತೆಗೆಯಲಿಲ್ಲ. ಇಳಿಯುವಾಗ ತೆಗೆದರಾಯಿತು ಅಂದುಕೊಂಡೆ. ಇಳಿಯುವಾಗ ಶಾಲಿನಿ ಬಾಗಿಲಲ್ಲಿ ನಿಂತಿದ್ದಳು, ತುಂಬಿದ ಹೊಟ್ಟೆ, ಬಾತ ಕಾಲು — ನಾನು ಓಡಿದೆ. ದಿನೇಶ ಪೆಟ್ಟಿಗೆಗಳನ್ನು ಒಳಗಿಟ್ಟು, ನೀರು ಕುಡಿದು, ಸಾಮಾನು ಇಳಿಸಲು ಹೋದ. ಊಟಕ್ಕೆ ಕೂತಾಗ ನೆನಪಾಯಿತು.

ಇದನ್ನು ಕೇಳಿ. ಅವನು ಆ ಊರಿನಲ್ಲೇ ಇದ್ದ, ಸಂಜೆಯವರೆಗೂ ಇದ್ದ. ಅಳಿಯನ ಫೋನಿನಲ್ಲಿ ಅವನ ನಂಬರ್ ಇತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಅಳಿಯನ ಎದುರು, ನಾನು ಇಂಥದ್ದು ತಂದೆ, ಇಂಥಲ್ಲಿ ಇಟ್ಟೆ ಅಂತ ಹೇಳುವುದು ಹೇಗೆ? ಬಂದ ದಿನವೇ? ಅವರ ಕೆಲಸಕ್ಕೆ ತೊಂದರೆಯಾದರೆ? ಶಾಲಿನಿಗೆ ಗಾಬರಿಯಾಗಿ ಏನಾದರೂ ಆದರೆ? ದಿಂಬನ್ನು ಯಾರು ಬಿಚ್ಚಿ ನೋಡುತ್ತಾರೆ... ಚಹಾ ಕುಡಿದ ಮೇಲೆ ಹೇಳುತ್ತೇನೆ, ದೀಪ ಹಚ್ಚಿದ ಮೇಲೆ ಹೇಳುತ್ತೇನೆ ಅಂತ ಹೊತ್ತು ಕಳೆದೆ. ಗಸಗಸೆ ಎಲ್ಲಿ ಅಮ್ಮ ಅಂತ ಶಾಲಿನಿ ಕೇಳಿದಳು. ಮರೆತು ಬಂದೆ ಅಂದೆ.

ಅದೇ ಸಂಜೆ ಹಿಂದೆ ಹೋಗುವಾಗ ಅದೇ ಚೆಕ್‌ಪೋಸ್ಟಿನಲ್ಲಿ ದಿನೇಶನನ್ನು ಹಿಡಿದರು.

ಅವನು ಒಬ್ಬನೇ ಇದ್ದ, ಖಾಲಿ ಗಾಡಿ. ಹಿಂದಿನ ಸೀಟಿನ ದಿಂಬನ್ನೂ ಹಿಂಡಿ ನೋಡಿದರಂತೆ. ವಾರಗಟ್ಟಲೆ ಒಳಗಿದ್ದ. ಅವನ ಅರಬಿ ಯಜಮಾನ ಬಂದು ಮಾತಾಡಿದ ಮೇಲೆ, ಅಡುಗೆಯ ಕಾಳು ಅಂತ ಪೊಲೀಸರು ಒಪ್ಪಿಕೊಂಡು ಬಿಟ್ಟರು. ಅವನಿಗಾಗಿ ಓಡಾಡಿದವರು ಯಾರು ಗೊತ್ತೇ — ನನ್ನ ಅಳಿಯ. ದಿನಾ ಬಂದು ಊಟಕ್ಕೆ ಕೂತು ಇವತ್ತು ಹೀಗಾಯಿತು ಅಂತ ಹೇಳುತ್ತಿದ್ದರು. ನಾನು ಬಡಿಸುತ್ತ ಕೇಳುತ್ತಿದ್ದೆ. ಬಾಗಿಲು ಬಡಿದ ಸದ್ದಾದರೆ ನನ್ನನ್ನು ಕರೆದೊಯ್ಯಲು ಬಂದರು ಅಂತಲೇ ಅಂದುಕೊಳ್ಳುತ್ತಿದ್ದೆ. ಯಾರೂ ಬರಲಿಲ್ಲ. ಯಾರೂ ನನ್ನನ್ನು ಒಂದು ಮಾತು ಕೇಳಲಿಲ್ಲ. ಯಾಕೆಂದರೆ ಅದನ್ನು ಇಟ್ಟವರು ಯಾರು ಅಂತ ದಿನೇಶ ಆಗಲೇ ತೀರ್ಮಾನ ಮಾಡಿಕೊಂಡಿದ್ದ.

ಹೆಂಡತಿ ಹೊಲಿದ ದಿಂಬು, ಹೆಂಗಸಿನ ಸೀರೆಯ ಗಂಟು. ರಾತ್ರಿ ಗಾಡಿ ಓಡಿಸಿ ನಿದ್ದೆ ಬರುವುದಿಲ್ಲ ಅಂತ ಅವನು ಫೋನಿನಲ್ಲಿ ಗೋಳು ಹೇಳಿಕೊಂಡಾಗ, ಗಸಗಸೆ ಅರೆದು ಹಾಲಿಗೆ ಹಾಕಿ ಕುಡಿಯಿರಿ ಅಂತ ಸುಜಾತ ಹಿಂದೊಮ್ಮೆ ಹೇಳಿದ್ದಳಂತೆ. ಇನ್ನೇನು ಬೇಕು? ಅವಳು ಆಣೆ ಹಾಕಿದಳು, ಅತ್ತಳು. ಅವನು ನಂಬಲಿಲ್ಲ. ಕಂಪನಿ ಅವನನ್ನು ಡ್ರೈವಿಂಗಿನಿಂದ ತೆಗೆಯಿತು. ಶಾರ್ಜಾದ ರೂಮು ಹೋಯಿತು, ವೀಸಾ ಹೋಯಿತು. ಸುಜಾತ ಬರಲೇ ಇಲ್ಲ. ಆಮೇಲೆ ರಾಸ್ ಅಲ್ ಖೋರಿನ ಒಂದು ಗ್ಯಾರೇಜಿಗೆ ಸೇರಿದ, ಈಗಲೂ ಅಲ್ಲೇ ಇದ್ದಾನೆ. ರಜೆಯಲ್ಲಿ ಊರಿಗೆ ಹೋದರೆ ಹೆಂಡತಿಯ ಹತ್ತಿರ ಬೇಕಾದಷ್ಟೇ ಮಾತು. ಕ್ಷಮಿಸಿಬಿಟ್ಟೆ ಅನ್ನುತ್ತಿದ್ದ — ಮಾಡದ ತಪ್ಪಿಗೆ ಅವಳಿಗೆ ಕ್ಷಮೆ. ಅವನ ಕೂಸು ಅಪ್ಪನನ್ನು ಫೋನಿನಲ್ಲಿ ನೋಡಿ ದೊಡ್ಡದಾಯಿತು. ನಾನು ಆದ್ಯಾಳಿಗೆ ಎಣ್ಣೆ ಹಚ್ಚಿ ಮೀಯಿಸಿ ತೊಡೆಯ ಮೇಲೆ ಮಲಗಿಸುವಾಗೆಲ್ಲ ಆ ಕೂಸು ಕಣ್ಣಿಗೆ ಬರುತ್ತಿತ್ತು. ಬಂದರೂ ಬಾಯಿ ಬಿಡಲಿಲ್ಲ. ಪ್ರತಿ ಸಲ ಇಲ್ಲಿಗೆ ಬಂದಾಗ ಈ ಸಲ ಹೇಳುತ್ತೇನೆ ಅಂತ ಬರುವುದು, ಹೇಳದೆ ಹೋಗುವುದು...

ನಿನ್ನೆ ಪುಟ್ಟಿಯನ್ನು ಆಸ್ಪತ್ರೆಯಿಂದ ತಂದವನೂ ದಿನೇಶನೇ. ಗ್ಯಾರೇಜಿನ ಯಜಮಾನನ ಗಾಡಿ ಕೇಳಿ ತಂದಿದ್ದ. ಮೊಟ್ಟೆಯ ಬುಟ್ಟಿ ಇಟ್ಟುಕೊಂಡವನ ಹಾಗೆ ನಿಧಾನ ಓಡಿಸಿದ. ಊಟ ಮಾಡದೆ ಹೋಗಕೂಡದು ಅಂತ ಅಳಿಯ ಅವನನ್ನು ನಿಲ್ಲಿಸಿಕೊಂಡರು. ಸಂಜೆ ಅವನು ಚೀಲದಿಂದ ಒಂದು ಸಣ್ಣ ದಿಂಬು ತೆಗೆದ. ಕೂಸಿನ ತಲೆ ದುಂಡಗಾಗಲಿ ಅಂತ ಸಾಸಿವೆ ತುಂಬಿ ಹೊಲಿಯುತ್ತೇವಲ್ಲ, ಅದು. ಊರಿಗೆ ಹೋಗಿ ಬಂದವರ ಕೈಯಲ್ಲಿ ಸುಜಾತ ಕಳಿಸಿದ್ದಳು.

"ಹೆದರ್ಬೇಡಿ ಅಮ್ಮ," ಅಂತ ನನ್ನ ಕೈಯಲ್ಲಿಟ್ಟ. "ಹೊಲಿಗೆ ಬಿಚ್ಚಿ ನೋಡಿಯೇ ತಂದದ್ದು. ಸಾಸಿವೆ ಮಾತ್ರ ಉಂಟು. ಅವಳನ್ನ ನಂಬ್ಲಿಕ್ಕಾಗುದಿಲ್ಲ."

ಎಲ್ಲರೂ ನಕ್ಕರು. ಅವನೂ ನಕ್ಕ. ದಿಂಬಿನ ಒಂದು ಬದಿಯಲ್ಲಿ ಸುಜಾತಳ ಸಣ್ಣ ಹೊಲಿಗೆ, ಇನ್ನೊಂದು ಬದಿಯಲ್ಲಿ ಅವನು ಬಿಚ್ಚಿ ಮತ್ತೆ ಹಾಕಿದ ದೊಡ್ಡ ದೊಡ್ಡ ಹೊಲಿಗೆ. ನನ್ನ ಹೆಬ್ಬೆರಳು ಆ ದೊಡ್ಡ ಹೊಲಿಗೆಯ ಮೇಲೆಯೇ ನಿಂತುಬಿಟ್ಟಿತು. ಈ ಕೂಸಿನ ತಲೆಯ ಅಡಿಗೆ ಇದನ್ನು ಇಟ್ಟು, ಹೇಳದೆ ಹೇಗೆ ಇರಲಿ?

"ದಿನೇಶ," ಅಂದೆ. "ಅವತ್ತಿನ ಗಂಟು ನನ್ನದು. ಚೆಕ್‌ಪೋಸ್ಟಿಗೆ ಹೆದರಿ ನಾನೇ ನಿನ್ನ ದಿಂಬಿನೊಳಗೆ ಹಾಕಿದ್ದು."

ಅವನು ಇನ್ನೂ ಅರ್ಧ ನಗುತ್ತಿದ್ದ. ಶಾಲಿನಿ ಅಮ್ಮಾ ಅಂದಳು. ಅಳಿಯ ನನ್ನನ್ನು ನೋಡಲಿಲ್ಲ, ನೆಲ ನೋಡಿದರು. ವಾಟ್ ಹ್ಯಾಪನ್ಡ್ ಅಂತ ಆದ್ಯಾ ಎಲ್ಲರ ಮುಖ ನೋಡಿದಳು. ನಾನು ಎಲ್ಲವನ್ನೂ ಹೇಳಿದೆ, ಇಲ್ಲಿ ಬರೆದ ಹಾಗೆಯೇ, ಅವತ್ತು ಸಂಜೆಯವರೆಗೂ ಸುಮ್ಮನಿದ್ದದ್ದನ್ನೂ ಸೇರಿಸಿ. ದಿನೇಶ ಬಯ್ಯಲಿಲ್ಲ. ಫೋನ್ ತೆಗೆದು, ಸುಜಾತಳಿಗೆ ಕರೆ ಮಾಡಿ, ನನ್ನ ಕೈಗೆ ಕೊಟ್ಟ.

"ನೀವೇ ಹೇಳಿ ಅವಳಿಗೆ."

ಹೇಳಿದೆ. ಪಾತ್ರೆ ತೊಳೆಯುತ್ತಿದ್ದಳೋ ಏನೋ, ಆ ಕಡೆ ನಲ್ಲಿ ಹರಿಯುವುದು ಕೇಳುತ್ತಿತ್ತು. ಆಮೇಲೆ ನಲ್ಲಿ ನಿಂತಿತು.

"ನಾನು ಮಗುವಿನ ತಲೆ ಮುಟ್ಟಿ ಆಣೆ ಹಾಕಿದ್ದೆ ಅಮ್ಮ," ಅಂದಳು. "ಅವರಿಗೆ ಕೊಡಿ ಫೋನ್."

ದಿನೇಶ ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡ. ಗಾಜಿನ ಆಚೆ ಅವನ ಬೆನ್ನು ಕಾಣುತ್ತಿತ್ತು. ಫೋನು ಕಿವಿಗೆ ಒತ್ತಿಕೊಂಡು ಕೇಳುತ್ತಿದ್ದ. ಒಮ್ಮೆ ಕೈಯಿಂದ ಮುಖ ಒರೆಸಿಕೊಂಡ. ಒಳಗೆ ಅನ್ನ ಆರುತ್ತಿತ್ತು, ಯಾರೂ ಕೂರಲಿಲ್ಲ.

ನನ್ನದು ವಯಸ್ಸಾಯಿತು, ಹೆದರಿಕೆಯಾಗಿತ್ತು, ಮಗಳು ಬಸುರಿ — ಇದನ್ನೆಲ್ಲ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಇಲ್ಲಿ ಹೇಳುವುದಿಲ್ಲ. ಈ ಸಲ ಊರಿಗೆ ಹೋದ ಕೂಡಲೇ ಮೊದಲು ಹೋಗುವುದು ಸುಜಾತಳ ಮನೆಗೆ. ಬಾಗಿಲು ತೆಗೆಯುವುದು ಬಿಡುವುದು ಅವಳಿಗೆ ಬಿಟ್ಟದ್ದು.

ಕಡೆಗೆ ಅವನು ಒಳಗೆ ಬಂದ. ಹೊರಟೇಬಿಡುತ್ತಾನೆ ಅಂದುಕೊಂಡೆ. ಕೈ ತೊಳೆದು ಬಂದು ಅಳಿಯನ ಪಕ್ಕ ಕೂತ. ಆಗ ಎಲ್ಲರೂ ಕೂತರು. ಶಾಲಿನಿ ಪುಟ್ಟಿಯನ್ನು ತೊಡೆಯಲ್ಲಿ ಮಲಗಿಸಿಕೊಂಡೇ ಒಂದು ಕೈಯಲ್ಲಿ ಉಂಡಳು. ಕೂಸು ನಡುನಡುವೆ ಬೆಕ್ಕಿನ ಮರಿಯ ಹಾಗೆ ಸದ್ದು ಮಾಡುತ್ತಿತ್ತು, ಆಗೆಲ್ಲ ಎಲ್ಲರ ಕೈಯೂ ಒಮ್ಮೆ ನಿಲ್ಲುತ್ತಿತ್ತು. ನಾನು ಕೋಳಿ ಸಾರಿನ ಪಾತ್ರೆ ಹಿಡಿದು ದಿನೇಶನ ಎದುರು ಬಂದೆ. ಅವನು ತಲೆ ಎತ್ತಲಿಲ್ಲ. ಆದರೆ ತಟ್ಟೆಗೆ ಕೈ ಅಡ್ಡ ಹಿಡಿಯಲೂ ಇಲ್ಲ. ಬಡಿಸಿದೆ. ಅವನು ಕಲಸಿ ಉಂಡ.