ಮರಳಿ ಬರುವ ಪುರಾವೆ

ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ ತುರುವೇಕೆರೆ ಸೀಮೆಯ ಹಳ್ಳಿಯೊಂದರಲ್ಲಿ ನಾನು ನಾರು ತೆಗೆಯುವ ಹೆಂಗಸರ ಸಂಘ ಕಟ್ಟಿದ್ದೆ. ತೆಂಗಿನ ಸಿಪ್ಪೆಯನ್ನು ಕೊಡತಿಯಲ್ಲಿ ಬಡಿದು ಬಡಿದು ಅವರ ಅಂಗೈಗಳು ದಡ್ಡುಗಟ್ಟಿದ್ದವು. ಶ್ರೀಲಂಕಾದಲ್ಲಿ ನಾರು ಬಿಡಿಸುವ ಸಣ್ಣ ಯಂತ್ರ ಉಂಟೆಂದು ತಿಳಿದಾಗ, ಅದನ್ನು ನೋಡಿ ಅಳತೆ ತಂದರೆ ಇಲ್ಲಿಯೇ ಮಾಡಿಸಬಹುದೆಂದು ಸಂಘ ತೀರ್ಮಾನಿಸಿತು. ನಾನು ಹೊರಟೆ. ಜೊತೆಗೆ ಸಂಘಕ್ಕೆ ತಮ್ಮ ಕೊಟ್ಟಿಗೆ ಬಿಟ್ಟುಕೊಟ್ಟಿದ್ದ ಹಿರಿಯ ತೆಂಗಿನ ಬೆಳೆಗಾರರೊಬ್ಬರು ಬಂದರು. ಊರಿಗೆಲ್ಲ ಅವರು ಯಜಮಾನರು. ಪಂಪುಸೆಟ್ಟನ್ನು ಬಿಚ್ಚಿ ಜೋಡಿಸಬಲ್ಲವರು. ಕನ್ನಡವಲ್ಲದೆ ಬೇರೆ ಭಾಷೆ ಅರಿಯರು.

ನಮಗೆ ವೀಸಾ ಬೇಕಿರಲಿಲ್ಲ. ಅದನ್ನು ನಾನು ಎರಡು ದೇಶಗಳ ನಡುವಿನ ವಿಶ್ವಾಸವೆಂದು ಅರ್ಥೈಸಿಕೊಂಡಿದ್ದೆ. ಕೆಲಸ ಎಂದು ಮುಗಿಯುವುದೋ ತಿಳಿಯದ್ದರಿಂದ ರಾಮೇಶ್ವರದಲ್ಲಿ ಹಡಗಿನ ಹೋಗುವ ಟಿಕೆಟನ್ನು ಮಾತ್ರ ತೆಗೆಸಿದ್ದೆ. ಆಚೆ ದಡದಲ್ಲಿ ಅಧಿಕಾರಿ ಮೊದಲು ಕೇಳಿದ್ದೇ ಹಿಂದಿರುಗುವ ಟಿಕೆಟನ್ನು. ಅದಿಲ್ಲದವರನ್ನು ಬಂದ ಹಡಗಿನಲ್ಲೇ ವಾಪಸು ಕಳಿಸಬೇಕೆಂಬುದು ನಿಯಮ. ಅಲ್ಲಿ ಕೊಳ್ಳೋಣವೆಂದರೆ, ದೇಶದಾಚೆ ಒಯ್ಯಲು ನಮ್ಮ ಸರ್ಕಾರ ಬಿಟ್ಟಿದ್ದ ಹಣ ತೀರಾ ಅಲ್ಪ.

ಕಾಲೇಜಿನ ಚರ್ಚಾಕೂಟಗಳಲ್ಲಿ ಗಳಿಸಿದ ಇಂಗ್ಲಿಷನ್ನೆಲ್ಲ ಅಲ್ಲಿ ಬಳಸಿದೆ. ಪ್ರಾಮಾಣಿಕ ಪ್ರಯಾಣಿಕನನ್ನು ಶಂಕಿಸುವ ನಿಯಮ ನಿಯಮವೇ ಅಲ್ಲ ಎಂದೆ. ಅಧಿಕಾರಿ ಕೇಳುತ್ತಲೇ ಇದ್ದು, ಯಜಮಾನರ ಕಡೆ ತಿರುಗಿ, "ಇವರು ಹಿಂದಿರುಗುತ್ತಾರೆಂಬುದಕ್ಕೆ ಏನು ಪುರಾವೆ?" ಎಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

"ಅಟ್ಟದ್ ಮೇಲೆ ಕಾಯಿ ಅವೆ ಕಣ್ರೀ. ಹತ್ತು ತಿಂಗ್ಳಾದೊ. ಹೋಗಿ ಸುಲೀಬೇಕು."

ನಾನದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಅಧಿಕಾರಿ ನಕ್ಕರು. ತಮ್ಮ ತಂದೆಯ ಮನೆಯಲ್ಲೂ ಕೊಬ್ಬರಿ ಒಣಗಿಸುವ ಗೂಡು ಉಂಟು, ಕಾಯಿ ಒಡೆದು ಬೆಂಕಿಗಿಟ್ಟರೆ ವಾರದಲ್ಲಿ ಒಣಗುತ್ತದೆ, ಹತ್ತು ತಿಂಗಳು ಯಾರು ಇಡುತ್ತಾರೆ ಎಂದರು.

"ಅದು ಎಣ್ಣೆಗೆ ಹಾಕೋ ಕೊಬ್ಬರಿ ಬುಡಿ. ನಮ್ದು ತಿನ್ನೋ ಉಂಡೆ. ಒಡೀದೇನೆ ಒಳಗೇ ನೀರಿಂಗಿ ಒಣಗ್ಬೇಕು. ಕಿವಿ ಹತ್ರ ಆಡ್ಸಿದ್ರೆ ಲೊಡಲೊಡ ಅಂತದೆ."

"ಬೇರೆ ಯಾರೂ ಸುಲಿಯುವುದಿಲ್ಲವೆ?"

"ನನ್ ತಮ್ಮ ಅವ್ನೆ. ಅವ್ನ್ ಕೈಗ್ ಕೊಟ್ರೆ ಉಂಡೆ ಎಲ್ಲಾ ಹೋಳಾಯ್ತದೆ. ಅಂಥೋನ್ನ ನಂಬಿ ನಾನ್ ಇಲ್ಲಿ ಕೂರಕ್ಕಾಯ್ತದಾ, ನೀವೇ ಹೇಳಿ?"

ಇದನ್ನು ಇಂಗ್ಲಿಷಿಗೆ ತಿರುಗಿಸಿ ಮುಗಿಸುವ ಮೊದಲೇ ಅಧಿಕಾರಿ ಅವರ ಪಾಸ್‌ಪೋರ್ಟಿಗೆ ಮೊಹರು ಒತ್ತಿದರು. ಅನಂತರ ನನ್ನನ್ನು ಕೇಳಿದರು: "ನಿಮಗಾಗಿ ಅಲ್ಲಿ ಏನು ಕಾದಿದೆ?"

ಮದುವೆಯಾಗಿರಲಿಲ್ಲ. ಜಮೀನಿರಲಿಲ್ಲ. ಸಂಘಕ್ಕಾಗಿ ಮೇಷ್ಟರ ಕೆಲಸವನ್ನೂ ಬಿಟ್ಟಿದ್ದೆ. ಸುಳ್ಳು ಹೇಳಬಾರದೆಂದು ಇದ್ದುದನ್ನೇ ಹೇಳಿದೆ. ಇಂಗ್ಲಿಷ್ ಬಲ್ಲ, ಎಲ್ಲಿಯೂ ಕಟ್ಟಿಲ್ಲದ ಯುವಕ. ಬಂದಲ್ಲೇ ಉಳಿದುಬಿಡುವವರು ಇಂಥವರೇ ಎಂದು ಅವರು ಸೌಜನ್ಯದಿಂದಲೇ ವಿವರಿಸಿ, ಮೊಹರು ಒತ್ತದೆಯೇ ನನ್ನ ಪಾಸ್‌ಪೋರ್ಟನ್ನು ಹಿಂದಿರುಗಿಸಿದರು. ಅದರಲ್ಲಿ ತರ್ಕದೋಷ ನನಗೆ ಕಾಣಲಿಲ್ಲ.

ಹಿಂದಿರುಗುವ ಟಿಕೆಟಿಗೆಂದು ನನ್ನ ಪಾಲಿನ ಹಣವನ್ನೂ ಯಜಮಾನರ ಕೈಗಿಟ್ಟು, ಯಂತ್ರದ ಬಗ್ಗೆ ಬರೆದಿಟ್ಟುಕೊಂಡಿದ್ದ ಪ್ರಶ್ನೆಗಳ ಹಾಳೆಯನ್ನೂ ಕೊಡಹೋದೆ.

"ಇಂಗ್ಲೀಷ್ ಚೀಟಿ ತಗೊಂಡ್ ನಾನೇನ್ ಮಾಡ್ಲಿ ಮೇಷ್ಟ್ರೇ? ಊರಿನ್ ಹೆಸ್ರು ಒಂದ್ ಬರ್ಕೊಡಿ, ತೋರ್ಸ್ಕೊಂಡ್ ಹೋಯ್ತೀನಿ. ಹಲ್ಲು ಎಷ್ಟವೆ, ಉರುಳೆ ಎಷ್ಟ್ ದಪ್ಪ, ಅಳ್ಕೊಂಡ್ ಬತ್ತೀನಿ."

"ಹೆಂಗಸರಿಗೆ ಏನು ಹೇಳಲಿ, ಯಜಮಾನ್ರೇ?"

"ಮೇಷ್ಟ್ರನ್ನ ನಂಬ್ಲಿಲ್ಲ, ಅಟ್ಟನ ನಂಬುದ್ರು ಅನ್ನಿ!"

ಬಂದ ಹಡಗಿನಲ್ಲೇ ಮರಳಿದೆ. ಹೆಂಗಸರು ಯಂತ್ರ ನೋಡಿದಿರಾ ಎಂದು ಕೇಳಿದಾಗ ಅದೇ ಮಾತನ್ನು ಹೇಳಿದೆ. ಅವರು ನಗಲಿಲ್ಲ, ಯಜಮಾನರು ಬರಲಿ ಎಂದು ಮತ್ತೆ ಕೊಡತಿ ಹಿಡಿದರು. ಹನ್ನೆರಡನೆಯ ದಿನ ಯಜಮಾನರು ಬಂದು, ಅಲ್ಲಲ್ಲಿ ಗಂಟು ಹಾಕಿದ ಉದ್ದನೆಯ ಹುರಿಯೊಂದನ್ನು ಕೊಟ್ಟಿಗೆಯ ನೆಲದ ಮೇಲೆ ಹಾಸಿ, ಒಂದೊಂದು ಗಂಟೂ ಯಾವ ಭಾಗದ ಅಳತೆಯೆಂದು ಹೇಳತೊಡಗಿದರು. ಹೆಂಗಸರು ಸುತ್ತ ಕುಳಿತು ಕೇಳಿದರು. ನಾನು ಬರೆದುಕೊಂಡೆ.